ಒಂದು ಹಿಡಿ ಅಕ್ಕಿಯ ಲೆಕ್ಕ: ಆದೋನಿಯ ಕೋಫ್ತಾ ಮತ್ತು ನಮ್ಮ ಪಿಂಡಿ

ಕೆಲಸದ ನಿಮಿತ್ತ ನಾನು ಎರಡು ವರ್ಷ ಆದೋನಿಯಲ್ಲಿದ್ದೆ. ಮಂಗಳೂರು ಬಿಟ್ಟು ಅಷ್ಟು ದೂರ ಮನೆ ಮಾಡಿದ್ದು ಅದೇ ಮೊದಲು. ನಾವು ಬಾಡಿಗೆಗಿದ್ದ ಮನೆಯ ಮಾಲಕಿ ಅರುವತ್ತು ದಾಟಿದ ಹೆಂಗಸು. ಮನೆಯೊಳಗೆ ದಖನಿ ಉರ್ದು, ಬೀದಿಯಲ್ಲಿ ತೆಲುಗು, ನಮ್ಮ ಜೊತೆ ಬಳ್ಳಾರಿ ಕಡೆಯ ಕನ್ನಡ ಮಾತಾಡುತ್ತಿದ್ದರು. ನಾವು ಅವರನ್ನು ಖಾಲಾ ಎಂದೇ ಕರೆಯುತ್ತಿದ್ದೆವು. ಒಂದು ಶುಕ್ರವಾರ ಜುಮಾ ಮುಗಿಸಿ ಬಂದಾಗ ಅವರು ಒಂದು ಅಗಲವಾದ ತಟ್ಟೆಯನ್ನು ಬಟ್ಟೆ ಮುಚ್ಚಿ ಕಳುಹಿಸಿದ್ದರು. ಕೆಂಪು ಟೊಮೆಟೊ ಸಾರಿನಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಮಾಂಸದ ಉಂಡೆಗಳು. ಪ್ರತಿ ಉಂಡೆಯ ಮೈಮೇಲೆ ಬೆಂದ ಅಕ್ಕಿಯ ಕಾಳುಗಳು ಹೊರಗೆ ಚಾಚಿಕೊಂಡಿದ್ದವು. ಮೇಲ್ಭಾಗ ಸ್ವಲ್ಪ ಕಂದಾಗಿ, ಬೇಕರಿಯ ಒಲೆಯ ವಾಸನೆ ಬರುತ್ತಿತ್ತು.

ಮರುದಿನ ತಟ್ಟೆ ವಾಪಸು ಕೊಡುವಾಗ ಹೊಗಳಲೆಂದು ನಾನು, "ಖಾಲಾ, ಇದು ನವಾಬರ ಅಡುಗೆಯೇ ಸರಿ" ಎಂದೆ. ಆದೋನಿಯಲ್ಲಿ ನವಾಬರು ಇದ್ದರೆಂದು ಎಲ್ಲೋ ಓದಿದ್ದೆ. ಅವರು ನಕ್ಕುಬಿಟ್ಟರು. "ಅಲ್ಲಪ್ಪ, ನವಾಬರ ಮನ್ಯಾಗ ಮಾಂಸಕ್ಕೇನು ಕಡಿಮಿ? ಅಕ್ಕಿ ಹಾಕೋದು ನಮ್ಮಂಥೋರು. ಹಾಕಲಿಲ್ಲಂದ್ರ ಎಲ್ಲಾರಿಗೂ ಸಾಲೋದಿಲ್ಲ."

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ನಮ್ಮ ಸಮುದಾಯದ ಚರಿತ್ರೆ ಹೇಳುವಾಗಲೂ ನಾವು ಮೊದಲು ಹುಡುಕುವುದು ದೊಡ್ಡ ಹೆಸರುಗಳನ್ನೇ. ಯಾವ ರಾಜ ಯಾವ ಮಸೀದಿ ಕಟ್ಟಿಸಿದ, ಯಾವ ಸುಲ್ತಾನ ಯಾರಿಗೆ ಜಾಗ ಕೊಟ್ಟ, ಹೀಗೆ. ಒಂದು ಮನೆಯ ಹೆಂಗಸು ಅರ್ಧ ಕಿಲೋ ಮಾಂಸದಲ್ಲಿ ಎಂಟು ಮಂದಿಗೆ ಊಟ ಹಾಕಿದ ಕತೆ ಯಾವ ಶಾಸನದಲ್ಲೂ ಇಲ್ಲ. ಅದು ಇರುವುದು ಆ ಉಂಡೆಯೊಳಗಿನ ಅಕ್ಕಿಯಲ್ಲಿ. ಹಾಗಾಗಿ ಈ ಒಂದು ಅಡುಗೆಯನ್ನು ಬಿಡಿಸಿ, ಅದರ ಒಂದೊಂದು ವಸ್ತುವೂ ಆ ಊರಿನ ಮನೆಗಳಿಗೆ ಹೇಗೆ ಬಂತು ಎಂದು ನೋಡುವ ಪ್ರಯತ್ನ ಇದು.

ಆದೋನಿ ನಮಗೆ ಅಷ್ಟು ದೂರವಲ್ಲ

ಆದೋನಿ ಇಂದು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿದೆ. ಮುಂಬೈಯಿಂದ ಚೆನ್ನೈಗೆ ಹೋಗುವ ರೈಲು ರಾಯಚೂರು ದಾಟಿ ಗುಂತಕಲ್ಲು ತಲುಪುವ ಮೊದಲು ಈ ಊರು ಸಿಗುತ್ತದೆ. ಹತ್ತಿಯ ದೊಡ್ಡ ಮಾರುಕಟ್ಟೆ. ಊರಿನ ಹಿಂದೆ ಬಂಡೆಗಳ ಬೆಟ್ಟ, ಬೆಟ್ಟದ ಮೇಲೆ ಹಾಳುಬಿದ್ದ ಕೋಟೆ.

ನಮ್ಮ ಕರಾವಳಿಗೂ ಈ ಒಣ ಭೂಮಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಟಿಪ್ಪು ಸುಲ್ತಾನರು 1784ರಲ್ಲಿ ಮಂಗಳೂರಿನ ಒಪ್ಪಂದಕ್ಕೆ ಸಹಿ ಹಾಕಿದರು. ಎರಡು ವರ್ಷಗಳ ಬಳಿಕ, 1786ರಲ್ಲಿ, ಆದೋನಿಯ ಕೋಟೆಯನ್ನು ಮುತ್ತಿ ಹಿಡಿದು ಅದರ ಗೋಡೆಗಳನ್ನು ಕೆಡವಿಸಿದರು. ಟಿಪ್ಪು 1799ರಲ್ಲಿ ಮಡಿದ ಮೇಲೆ ಕೆನರಾ ಜಿಲ್ಲೆ ಕಂಪೆನಿಯ ಕೈಗೆ ಬಂತು. ಅದರ ಕಲೆಕ್ಟರಾಗಿ ಬಂದವರು ಥಾಮಸ್ ಮನ್ರೋ. 1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ, ಆದೋನಿ, ಕಡಪ ಕಡೆಯ ಪ್ರದೇಶಗಳನ್ನು ಕಂಪೆನಿಗೆ ಬಿಟ್ಟುಕೊಟ್ಟಾಗ ಇದೇ ಮನ್ರೋ ಇಲ್ಲಿಂದ ಅಲ್ಲಿಗೆ ಹೋದರು. 1807ರವರೆಗೆ ಅಲ್ಲಿದ್ದರು. ಕೊನೆಗೆ ಮದ್ರಾಸಿನ ಗವರ್ನರಾಗಿದ್ದಾಗ, 1827ರ ಜುಲೈ 6ರಂದು, ಆದೋನಿಯ ಆಚೆಯ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ನಮ್ಮ ಹಿರಿಯರ ಗದ್ದೆಗೆ ತೆರಿಗೆ ಕಟ್ಟಿದ ಕೈಯೇ ಅಲ್ಲಿನ ಜೋಳದ ಹೊಲಕ್ಕೂ ಕಟ್ಟಿತು.

ಇನ್ನೊಂದು ಸಂಬಂಧ ನಮಗೆ ಇನ್ನೂ ಹತ್ತಿರದ್ದು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆ ಮೂರು ತಾಲೂಕುಗಳು ಅತ್ತ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಮೂರು ವರ್ಷಗಳ ನಂತರ, 1956ರ ನವೆಂಬರ್ 1ರಂದು, ಕಾಸರಗೋಡು ನಮ್ಮ ಜಿಲ್ಲೆಯಿಂದ ಕೇರಳಕ್ಕೆ ಹೋಯಿತು. ತಲಪಾಡಿಯ ಗೆರೆಯ ಆ ಕಡೆ ತಂಗಿ, ಈ ಕಡೆ ಅಣ್ಣ ಇರುವ ಬ್ಯಾರಿ ಕುಟುಂಬಗಳಿಗೆ ಆಲೂರಿನ ಗೆರೆ ಏನೆಂದು ವಿವರಿಸಬೇಕಿಲ್ಲ. ಖಾಲಾನ ತವರು ಬಳ್ಳಾರಿ. ಮದುವೆಗೆ, ಮಯ್ಯತ್ತಿಗೆ ಅವರು ರಾಜ್ಯ ದಾಟಿಯೇ ಹೋಗಬೇಕು.

ಭಾಷೆಯ ವಿಷಯದಲ್ಲೂ ಒಂದು ಹೋಲಿಕೆ ಕಂಡೆ. ಆ ಕಡೆ ಹತ್ತಿ ಹಿಂಜುವ ಕಸುಬಿನಿಂದ ಬಂದ ಮುಸ್ಲಿಂ ಸಮುದಾಯವೊಂದಿದೆ. ಆಂಧ್ರದಲ್ಲಿ ದೂದೇಕುಲ ಎನ್ನುತ್ತಾರೆ, ಕರ್ನಾಟಕದಲ್ಲಿ ಪಿಂಜಾರ ಅಥವಾ ನದಾಫ್. ಅವರಲ್ಲಿ ಹೆಚ್ಚಿನವರ ಮನೆಮಾತು ಅಲ್ಲಿ ತೆಲುಗು, ಇಲ್ಲಿ ಕನ್ನಡ. "ಮುಸ್ಲಿಮರಾಗಿ ಉರ್ದು ಬರುವುದಿಲ್ಲವೇ?" ಎಂಬ ಪ್ರಶ್ನೆಯನ್ನು ಅವರೂ ನಮ್ಮಂತೆಯೇ ಎದುರಿಸುತ್ತಾರೆ. ಖಾಲಾನ ಪಕ್ಕದ ಮನೆಯವರು ದೂದೇಕುಲದವರು. ಈದಿನ ದಿನ ಎರಡು ಮನೆಯ ತಟ್ಟೆಗಳು ಗೋಡೆಯ ಮೇಲಿಂದಲೇ ದಾಟುತ್ತಿದ್ದವು.

ಉಂಡೆ ಎಲ್ಲಿಂದ ಬಂತು

ಕೋಫ್ತಾ ಎಂಬ ಮಾತು ಪಾರಸಿಯದು. ಕುಟ್ಟುವುದು, ಅರೆಯುವುದು ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ್ದು. ಎಂದರೆ ಹೆಸರಿನಲ್ಲೇ ಕೆಲಸ ಇದೆ. ಗಟ್ಟಿ ಮಾಂಸವನ್ನು ಕುಟ್ಟಿ ಮೆದು ಮಾಡಿ ಉಂಡೆ ಕಟ್ಟುವುದು. ಬಗ್ದಾದಿನಲ್ಲಿ 1226ರಲ್ಲಿ ಬರೆಯಲಾದ ಅರಬಿ ಅಡುಗೆ ಪುಸ್ತಕದಲ್ಲೇ ಕುಟ್ಟಿದ ಮಾಂಸದ ಉಂಡೆಗಳು ಇವೆ. ಇರಾನಿನ ತಬ್ರೀಝ್ ಪಟ್ಟಣದ ಹೆಸರಾಂತ ಕೋಫ್ತಾದಲ್ಲಿ ಮಾಂಸದ ಜೊತೆ ಅಕ್ಕಿಯನ್ನೂ ಬೇಳೆಯನ್ನೂ ಸೇರಿಸುತ್ತಾರೆ. ನಮ್ಮ ದೇಶದಲ್ಲಿ, ಮಾಳವದ ಮಾಂಡೂ ಸುಲ್ತಾನರಿಗಾಗಿ 1500ರ ಆಸುಪಾಸಿನಲ್ಲಿ ಸಿದ್ಧವಾದ 'ನಿಮತ್‌ನಾಮಾ' ಎಂಬ ಚಿತ್ರಸಹಿತ ಅಡುಗೆ ಪುಸ್ತಕದಲ್ಲಿ ಕೋಫ್ತಾಗಳಿವೆ. ಅಕ್ಬರನ ಕಾಲದ 'ಐನೆ ಅಕ್ಬರಿ'ಯಲ್ಲಿ ಅಬುಲ್ ಫಝಲ್ ಅರಮನೆಯ ಅಡುಗೆಯನ್ನು ಮೂರು ವಿಧವಾಗಿ ಹೇಳುತ್ತಾನೆ. ಅದರಲ್ಲಿ ಒಂದು ವಿಧ ಪೂರ್ತಿಯಾಗಿ ಮಾಂಸ ಮತ್ತು ಧಾನ್ಯ ಕೂಡಿದ ಅಡುಗೆಗಳದ್ದು.

ದಖನ್‌ಗೆ ಇದನ್ನು ತಂದವರು ಒಬ್ಬರಲ್ಲ. ಬಹಮನಿ, ಬಿಜಾಪುರ, ಗೋಲ್ಕೊಂಡದ ಆಸ್ಥಾನಗಳಿಗೆ ಇರಾನಿನಿಂದ, ಅರಬ್ ನಾಡಿನಿಂದ, ಹಬಶದಿಂದ ಜನ ಬಂದರು. ತಾಳಿಕೋಟೆ ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ವಿಜಯನಗರದ ಕೈಯಲ್ಲಿದ್ದ ಆದೋನಿ ಬಿಜಾಪುರದ ಆದಿಲ್‌ಶಾಹಿಗಳಿಗೆ ಸೇರಿತು. ಹದಿನೇಳನೇ ಶತಮಾನದಲ್ಲಿ ಇಲ್ಲಿ ಆಡಳಿತ ನಡೆಸಿದ ಸಿದ್ದಿ ಮಸೂದ್ ಖಾನ್ ಮೂಲತಃ ಹಬಶಿ, ಎಂದರೆ ಆಫ್ರಿಕದ ಅಬಿಸೀನಿಯ ಮೂಲದವರು. ಆದೋನಿಯ ಜಾಮಿಯಾ ಮಸೀದಿ ಅವರು ಕಟ್ಟಿಸಿದ್ದು. ಶ್ರೀ ರಾಘವೇಂದ್ರ ಸ್ವಾಮಿಗಳಿಗೆ ಮಂಚಾಲೆ ಗ್ರಾಮವನ್ನು, ಇಂದಿನ ಮಂತ್ರಾಲಯವನ್ನು, ಬಿಟ್ಟುಕೊಟ್ಟ ನವಾಬರೆಂದು ಜನ ನೆನೆಯುವುದೂ ಅವರನ್ನೇ. ಬಳಿಕ ಮೊಘಲರು ಬಂದರು, ಊರಿಗೆ ಇಮ್ತಿಯಾಝ್‌ಗಢ ಎಂದು ಹೆಸರಿಟ್ಟರು. ಮುಂದೆ ನಿಜಾಮರ ತಮ್ಮ ಬಸಾಲತ್ ಜಂಗ್ 1782ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಂದ ಆಳಿದರು.

ಹೀಗೆ ನೋಡಿದರೆ ಕೋಫ್ತಾ ಬಂದ ದಾರಿ ಆಸ್ಥಾನದ ದಾರಿಯೇ ಎನಿಸುತ್ತದೆ. ಆದರೆ ಸೈನ್ಯದ ಜೊತೆ ನವಾಬರು ಮಾತ್ರ ಬರುವುದಿಲ್ಲ. ಕುದುರೆ ನೋಡಿಕೊಳ್ಳುವವರು, ಡೇರೆ ಹೊಲಿಯುವವರು, ಕಸಾಯಿಗಳು, ಅಡುಗೆಯವರು, ಅವರ ಹೆಂಡತಿ ಮಕ್ಕಳು ಬರುತ್ತಾರೆ. ಆಳುವವರು ಹೋದ ಮೇಲೂ ಊರಲ್ಲಿ ಉಳಿಯುವವರು ಇವರೇ. ಅರಮನೆಯ ಮೆದು ಮಾಂಸವನ್ನು ಕುಟ್ಟಬೇಕಾದ ಅಗತ್ಯವೇ ಇಲ್ಲ. ವಯಸ್ಸಾದ ಪ್ರಾಣಿಯ ಗಟ್ಟಿ ಮಾಂಸ, ಅದೂ ತುಂಡುತುಂಡಾಗಿ ಸಿಕ್ಕಿದ್ದು, ಕುಟ್ಟದೆ ಬಾಯಿಗೆ ಬರುವುದಿಲ್ಲ. ಕೋಫ್ತಾ ಉಳಿದದ್ದು ಇಂಥ ಮನೆಗಳಲ್ಲಿ ಎಂದು ನಾನು ತಿಳಿಯುತ್ತೇನೆ.

ಅಕ್ಕಿ ಎಲ್ಲಿಂದ ಬಂತು

ಕರಾವಳಿಯ ನಮಗೆ ಅಕ್ಕಿ ಎಂದರೆ ಅಂಗಳದಾಚೆಯ ಗದ್ದೆ. ಆದೋನಿಗೆ ಹಾಗಲ್ಲ. ಅದು ಮಳೆ ಕಡಿಮೆಯ ಕಪ್ಪು ಮಣ್ಣಿನ ನಾಡು. ಜೋಳ, ನವಣೆ ಅಲ್ಲಿನ ಊಟ, ಹತ್ತಿ ಮತ್ತು ಕಡಲೆಕಾಯಿ ಅಲ್ಲಿನ ದುಡ್ಡು. ಅನ್ನ ಹಬ್ಬದ ದಿನದ್ದು, ನೆಂಟರು ಬಂದ ದಿನದ್ದು.

ಆ ನಾಡು ಹಸಿವನ್ನು ಕಂಡಿದೆ. 1876ರಿಂದ 1878ರವರೆಗಿನ ಬರಗಾಲ ಬಳ್ಳಾರಿ ಮತ್ತು ಕರ್ನೂಲು ಜಿಲ್ಲೆಗಳನ್ನು ತೀರಾ ಕೆಟ್ಟದಾಗಿ ಹೊಡೆಯಿತು. ಸರಕಾರ ಪರಿಹಾರದ ಕೆಲಸಗಳನ್ನು ಶುರು ಮಾಡಿತು. ಆದರೆ 1877ರ ಆರಂಭದಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬಂದು ಕೂಲಿಯನ್ನು ಇಳಿಸಿದ. ದಿನವಿಡೀ ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಎಂದರೆ ಸುಮಾರು 450 ಗ್ರಾಂ, ಜೊತೆಗೆ ಒಂದಾಣೆ. ಇಷ್ಟರಲ್ಲಿ ಬದುಕುವುದು ಹೇಗೆ ಎಂದು ಆ ಕಾಲದಲ್ಲೇ ಮದ್ರಾಸಿನ ವೈದ್ಯಾಧಿಕಾರಿಗಳು ತಕರಾರು ಎತ್ತಿದ್ದರು. ಖಾಲಾನಿಗೆ ಈ ಇಸವಿಗಳು ಗೊತ್ತಿಲ್ಲ. ಆದರೆ ನೆಲಕ್ಕೆ ಬಿದ್ದ ಒಂದು ಅಕ್ಕಿಕಾಳನ್ನು ಅವರು ತುಳಿಯುತ್ತಿರಲಿಲ್ಲ, ಬಾಗಿ ಹೆಕ್ಕುತ್ತಿದ್ದರು. ನಮ್ಮ ಉಮ್ಮನೂ ಹಾಗೆಯೇ.

ಅಕ್ಕಿ ದಿನದ ಊಟವಾಗಲು ನೀರು ಬರಬೇಕಾಯಿತು. ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತದ್ದು 1953ರಲ್ಲಿ, ಆದೋನಿ ಆಂಧ್ರಕ್ಕೆ ಹೋದ ಅದೇ ವರ್ಷ. ಅದರ ಕೆಳಮಟ್ಟದ ಕಾಲುವೆ ಬಳ್ಳಾರಿ ದಾಟಿ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗಕ್ಕೆ ನೀರು ಒಯ್ಯುತ್ತದೆ. ಗೆರೆ ಎಳೆದು ಊರನ್ನು ಬೇರೆ ಮಾಡಿದರೂ ಅನ್ನದ ನೀರು ಗೆರೆಯ ಈಚೆಯಿಂದಲೇ ಹೋಗಬೇಕಾಯಿತು. ಕಾಲುವೆ ಮುಟ್ಟಿದ ಹೊಲಗಳಲ್ಲಿ ಭತ್ತ ಬಂತು. ಪಡಿತರ ಅಂಗಡಿಯ ಅಕ್ಕಿಯೂ ಬಂತು. ಕಾಲುವೆ ಮುಟ್ಟದ ಊರುಗಳು ಇಂದಿಗೂ ಬಹಳ ಇವೆ. ಕೋಸಿಗಿ, ಮಂತ್ರಾಲಯದ ಕಡೆಯ ಹಳ್ಳಿಗಳಿಂದ ಪ್ರತಿ ವರ್ಷ ಮನೆಗೆ ಬೀಗ ಹಾಕಿ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ಬೆಂಗಳೂರಿನ ಕಟ್ಟಡಗಳಿಗೆ ಜನ ದುಡಿಯಲು ಹೋಗುತ್ತಾರೆ.

ಖಾಲಾ ಹೇಳಿದ್ದು ಇಷ್ಟು: ಅವರ ಅತ್ತೆಯ ಕಾಲದಲ್ಲಿ ಕೋಫ್ತಾಕ್ಕೆ ಪುಟಾಣಿ ಹಿಟ್ಟು ಹಾಕುತ್ತಿದ್ದರು, ಕೆಲವೊಮ್ಮೆ ನೆನೆಸಿದ ಜೋಳದ ನುಚ್ಚು. ಅಕ್ಕಿ ಮನೆಗೆ ಮೂಟೆಯಲ್ಲಿ ಬರಲು ಶುರುವಾದ ಮೇಲೆ ಅಕ್ಕಿ. ಪಾತ್ರ ಅದೇ, ವೇಷ ಬೇರೆ.

ಟೊಮೆಟೊ ಮತ್ತು ಬೇಕರಿಯ ಒಲೆ

ಈ ಅಡುಗೆಯಲ್ಲಿ ಎಲ್ಲಕ್ಕಿಂತ ಹೊಸದು ಅದರ ಬಣ್ಣ. ಟೊಮೆಟೊ ಅಮೆರಿಕ ಖಂಡದ ಗಿಡ. ಮಾಂಡೂ ಸುಲ್ತಾನನಾಗಲಿ ಅಕ್ಬರನಾಗಲಿ ಅದನ್ನು ಕಂಡವರಲ್ಲ. ಅದು ನಮ್ಮ ದೇಶಕ್ಕೆ ಬಂದ ಮೇಲೂ ಬಹಳ ಕಾಲ ಬಿಳಿಯರ ಊಟದ ಮೇಜಿನ ವಸ್ತುವಾಗಿತ್ತು. ಬಂಗಾಳಿಗಳು ಅದನ್ನು ವಿಲಾಯತಿ ಬದನೆ ಎಂದರು. ದಿನನಿತ್ಯದ ಸಾರಿಗೆ ಅದು ಇಳಿದದ್ದು ಇಪ್ಪತ್ತನೇ ಶತಮಾನದಲ್ಲಿ. ಅದಕ್ಕೂ ಮೊದಲು ದಖನ್‌ನಲ್ಲಿ ಹುಳಿ ಎಂದರೆ ಹುಣಸೆ. ನಮ್ಮಲ್ಲಿ ಮೀನಿಗೆ ಪುನರ್ಪುಳಿ, ಬಿಂಬುಳಿ ಹಾಕಿದ ಹಾಗೆ.

ಈಗ ಪತ್ತಿಕೊಂಡದಲ್ಲಿ, ಮನ್ರೋ ತೀರಿಕೊಂಡ ಅದೇ ಊರಲ್ಲಿ, ದೊಡ್ಡ ಟೊಮೆಟೊ ಮಾರುಕಟ್ಟೆ ಇದೆ. ಅಲ್ಲಿ ಬೆಲೆಗೆ ಲಂಗುಲಗಾಮಿಲ್ಲ. ಫಸಲು ಒಟ್ಟಿಗೆ ಬಂದಾಗ ಕಿಲೋಗೆ ಒಂದೆರಡು ರೂಪಾಯಿಗೆ ಇಳಿದು, ಸಾಗಾಟದ ಖರ್ಚೂ ಹುಟ್ಟದೆ ರೈತರು ಹಣ್ಣನ್ನು ರಸ್ತೆಗೆ ಸುರಿದು ಹೋಗುತ್ತಾರೆ. 2023ರ ಜುಲೈಯಲ್ಲಿ ದೇಶದ ಎಲ್ಲೆಡೆಯಂತೆ ಅಲ್ಲಿಯೂ ಬೆಲೆ ನೂರು ದಾಟಿತ್ತು. ಖಾಲಾ ಕೋಫ್ತಾ ಮಾಡುತ್ತಿದ್ದದ್ದು ಹಣ್ಣು ಅಗ್ಗವಾದ ವಾರಗಳಲ್ಲಿ. ಅಗ್ಗದ ಟೊಮೆಟೊ ಎಂದರೆ ಯಾರದೋ ಹೊಲದಲ್ಲಿ ಸಾಲ ಉಳಿಯಿತು ಎಂದು ಅರ್ಥ ಎಂಬುದು ಅವರಿಗೆ ಗೊತ್ತಿತ್ತು. ಗಾಡಿಯವನ ಜೊತೆ ಆ ದಿನಗಳಲ್ಲಿ ಅವರು ಚೌಕಾಸಿ ಮಾಡಿದ್ದನ್ನು ನಾನು ನೋಡಲಿಲ್ಲ.

ಇನ್ನು ಒಲೆ. ಮನೆಯಲ್ಲಿ ಓವನ್ ಇಲ್ಲದ ಕಾಲದಲ್ಲಿ ಬೇಯಿಸುವ ದಾರಿ ನಮ್ಮವರಿಗೂ ಗೊತ್ತು. ಕಲ್ತಪ್ಪಕ್ಕೆ ಕೆಳಗೆ ಬೆಂಕಿ, ಮುಚ್ಚಳದ ಮೇಲೆ ಕೆಂಡ ಇಡುತ್ತಿದ್ದರಲ್ಲ, ಹಾಗೆಯೇ ಅಲ್ಲಿನ ದಮ್. ಖಾಲಾ ಮದುವೆಯಾಗಿ ಬಂದ ಮೇಲೆ ಗಲ್ಲಿಯ ತುದಿಯ ಬೇಕರಿಯವರ ಪರಿಚಯ ಆಯಿತಂತೆ. ಬೆಳಗಿನ ಬ್ರೆಡ್ ತೆಗೆದ ಮೇಲೆ ಸೌದೆ ಒಲೆಯ ಕಾವು ಗಂಟೆಗಟ್ಟಲೆ ಹಾಗೇ ಇರುತ್ತದೆ. ತಟ್ಟೆಯನ್ನು ಅಲ್ಲಿ ಇಟ್ಟು ಜುಮಾ ನಮಾಝ್ ಮುಗಿಸಿ ಬರುವಾಗ ಎತ್ತಿಕೊಂಡು ಬಂದರೆ ಸರಿ. ಮನೆಯ ಸೌದೆ, ಗ್ಯಾಸ್ ಎರಡೂ ಉಳಿಯಿತು. ಇಲ್ಲಿಯೂ ಅದೇ ಲೆಕ್ಕ.

ಮಾಡುವ ಕ್ರಮ

ನನ್ನ ಹೆಂಡತಿ ಖಾಲಾನ ಪಕ್ಕದಲ್ಲಿ ನಿಂತು ಕಲಿತು, ಅಳತೆಗಳನ್ನು ಬರೆದುಕೊಂಡಳು. ಖಾಲಾನ ಅಳತೆ ಮುಷ್ಟಿಯದು. ಇವಳು ತಕ್ಕಡಿಗೆ ಹಾಕಿ ನೋಡಿದಳು.

ಅರ್ಧ ಕಿಲೋ ಕೀಮಾ. ಸ್ವಲ್ಪ ಕೊಬ್ಬು ಇರಬೇಕು, ಪೂರ್ತಿ ಒಣ ಮಾಂಸವಾದರೆ ಉಂಡೆ ಕಲ್ಲಾಗುತ್ತದೆ. ಒಂದು ದೊಡ್ಡ ಹಿಡಿ ಅಕ್ಕಿ, ಸುಮಾರು 100 ಗ್ರಾಂ. ಬೆಳ್ತಿಗೆಯೇ ಆಗಬೇಕು. ನಮ್ಮ ಕುಚ್ಚಲಕ್ಕಿ ಹಾಕಿ ನಾವು ಒಮ್ಮೆ ಕೆಟ್ಟೆವು, ಮಾಂಸ ಬೆಂದು ಸಾರು ಬತ್ತಿದರೂ ಅಕ್ಕಿ ಹಾಗೇ ಇತ್ತು. ಅಕ್ಕಿ ತೊಳೆದು ಇಪ್ಪತ್ತು ನಿಮಿಷ ನೆನೆಸಿ ನೀರು ಬಸಿಯಿರಿ. ಸಣ್ಣಗೆ ಕೊಚ್ಚಿದ ಒಂದು ಈರುಳ್ಳಿ, ಶುಂಠಿ ಬೆಳ್ಳುಳ್ಳಿ ಅರೆದದ್ದು ಒಂದು ಚಮಚ, ಎರಡು ಹಸಿಮೆಣಸು, ಕೊತ್ತಂಬರಿ, ಪುದೀನ, ಗರಂ ಮಸಾಲೆ ಅರ್ಧ ಚಮಚ, ಉಪ್ಪು. ಎಲ್ಲವನ್ನೂ ಕೀಮಾದ ಜೊತೆ ಚೆನ್ನಾಗಿ ನಾದಿ. ಮೊಟ್ಟೆ ಬೇಡ. ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ. ತೀರಾ ಬಿಗಿಯಾಗಿ ಒತ್ತಬೇಡಿ, ಅಕ್ಕಿ ಅರಳಲು ಜಾಗ ಬೇಕು.

ಸಾರಿಗೆ ಮುಕ್ಕಾಲು ಕಿಲೋ ಹಣ್ಣಾದ ಟೊಮೆಟೊ. ಎಣ್ಣೆಯಲ್ಲಿ ಒಂದು ಈರುಳ್ಳಿ ಹುರಿದು, ಶುಂಠಿ ಬೆಳ್ಳುಳ್ಳಿ, ಅರಿಶಿನ, ಮೆಣಸಿನ ಪುಡಿ, ಕೊತ್ತಂಬರಿ ಪುಡಿ ಹಾಕಿ, ಟೊಮೆಟೊ ಅರೆದು ಸುರಿದು ಹಸಿ ವಾಸನೆ ಹೋಗುವವರೆಗೆ ಕುದಿಸಿ. ಆಮೇಲೆ ಒಂದೂವರೆ ಲೋಟ ಕುದಿಯುವ ನೀರು. ಇದು ಮುಖ್ಯ. ಟೊಮೆಟೊದ ಹುಳಿಯಲ್ಲಿ ಅಕ್ಕಿ ನಿಧಾನವಾಗಿ ಬೇಯುತ್ತದೆ, ಸಾರು ದಪ್ಪವಿದ್ದರೆ ಬೇಯುವುದೇ ಇಲ್ಲ. ಅಗಲವಾದ ತಟ್ಟೆಯಲ್ಲಿ ಉಂಡೆಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿ, ಬಿಸಿ ಸಾರನ್ನು ಮುಕ್ಕಾಲು ಮುಳುಗುವಷ್ಟು ಹಾಕಿ, ಬಿಗಿಯಾಗಿ ಮುಚ್ಚಿ 180 ಡಿಗ್ರಿಯಲ್ಲಿ 50 ನಿಮಿಷ. ಕೊನೆಗೆ ಮುಚ್ಚಳ ತೆಗೆದು ಹತ್ತು ಹದಿನೈದು ನಿಮಿಷ. ಒಂದು ಉಂಡೆ ಒಡೆದು, ನಡುವಿನ ಅಕ್ಕಿ ಬೆಂದಿದೆಯೇ, ಮಾಂಸದ ಕೆಂಪು ಹೋಗಿದೆಯೇ ಎಂದು ನೋಡಿ ಇಳಿಸಿ. ಓವನ್ ಇಲ್ಲದಿದ್ದರೆ ದಪ್ಪ ತಳದ ಪಾತ್ರೆ, ಸಣ್ಣ ಉರಿ, ಮುಚ್ಚಳದ ಮೇಲೆ ಕೆಂಡ ಸಾಕು.

ಈ ಅಳತೆಗೆ ಸುಮಾರು 24 ಉಂಡೆ. ಎಂಟು ಮಂದಿಗೆ ತಲಾ ಮೂರು. ಹಾಕಿದ 100 ಗ್ರಾಂ ಅಕ್ಕಿ ಬೆಂದಾಗ 250 ಗ್ರಾಂ ಮೀರುತ್ತದೆ. ಮಾಂಸ ಬೆಂದರೆ ಕುಗ್ಗುತ್ತದೆ, ಅಕ್ಕಿ ಹಿಗ್ಗುತ್ತದೆ. ಉಂಡೆ ಕಟ್ಟುವಾಗ ಎಷ್ಟಿತ್ತೋ ತಟ್ಟೆಗೆ ಬಂದಾಗಲೂ ಅಷ್ಟೇ ದೊಡ್ಡದು ಕಾಣುತ್ತದೆ. ತಿನ್ನುವವನ ಕಣ್ಣಿಗೆ ಏನೂ ಕಡಿಮೆಯಾದಂತೆ ಅನಿಸುವುದಿಲ್ಲ. ಇದರ ಮರ್ಯಾದೆ ಇರುವುದು ಅಲ್ಲಿ.

ನಮ್ಮ ಪಿಂಡಿಯ ಲೆಕ್ಕ

ಇದನ್ನು ತಿನ್ನುವಾಗ ನನಗೆ ನೆನಪಾದದ್ದು ನಮ್ಮ ಪಿಂಡಿ. ನೆನೆಸಿದ ಅಕ್ಕಿಯನ್ನು ತೆಂಗಿನಕಾಯಿ ಹಾಕಿ ಅರೆದು, ಸಣ್ಣ ಸಣ್ಣ ಉಂಡೆ ಮಾಡಿ, ಹಬೆಯಲ್ಲಿ ಬೇಯಿಸಿ, ಎರ್ಚಿಯ ಸಾರಿಗೆ ಹಾಕುತ್ತೇವೆ. ರಂಝಾನಿನ ಸಂಜೆ ದೊಡ್ಡ ಪಾತ್ರೆ ತುಂಬ ಪಿಂಡಿ ಇರುತ್ತದೆ. ಅದರಲ್ಲಿ ಮಾಂಸ ಎಷ್ಟು? ಹುಡುಕಬೇಕು. ಆದರೆ ಪ್ರತಿ ಪಿಂಡಿಯಲ್ಲೂ ಎರ್ಚಿಯ ರುಚಿ ಇದೆ. ಅಲ್ಲಿ ಮಾಂಸದ ಉಂಡೆಯೊಳಗೆ ಅಕ್ಕಿ ಅಡಗಿದೆ, ಇಲ್ಲಿ ಅಕ್ಕಿಯ ಉಂಡೆಯೊಳಗೆ ಮಾಂಸದ ರಸ ಇಳಿದಿದೆ. ಗದ್ದೆಯ ನಾಡಿನವರು ಒಂದು ಬಗೆಯಲ್ಲಿ, ಹೊಲದ ನಾಡಿನವರು ಇನ್ನೊಂದು ಬಗೆಯಲ್ಲಿ ಒಂದೇ ಲೆಕ್ಕ ಬಿಡಿಸಿದ್ದಾರೆ.

ಲೋಕದ ಬೇರೆ ಕಡೆಯೂ ಇದೇ. ಗ್ರೀಕರು ಮಾಂಸಕ್ಕೆ ಅಕ್ಕಿ ಸೇರಿಸಿ ಮಾಡುವ ಉಂಡೆಗಳ ಹೆಸರು ದುಂಡಗಿನದು ಎಂಬ ಅರ್ಥದ ತುರ್ಕಿ ಮಾತಿನಿಂದ ಬಂದದ್ದು. ಅಮೆರಿಕದಲ್ಲಿ 1930ರ ದಶಕದ ಆರ್ಥಿಕ ಕುಸಿತದಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡಾಗ ಅಲ್ಲಿನ ಗೃಹಿಣಿಯರು ದನದ ಕೀಮಾಕ್ಕೆ ಹಸಿ ಅಕ್ಕಿ ಸೇರಿಸಿ ಟೊಮೆಟೊ ಸಾರಿನಲ್ಲಿ ಬೇಯಿಸಿದರು. ಅಕ್ಕಿ ಮುಳ್ಳಿನಂತೆ ಹೊರಚಾಚುವುದರಿಂದ ಅದಕ್ಕೆ ಮುಳ್ಳುಹಂದಿಯ ಹೆಸರನ್ನೇ ಇಟ್ಟರು. ಆದೋನಿಯ ಖಾಲಾ ಅಮೆರಿಕದಿಂದ ಕಲಿತದ್ದಲ್ಲ, ಅವರು ಇವರಿಂದ ಕಲಿತದ್ದೂ ಅಲ್ಲ. ಮಾಂಸ ಕಡಿಮೆ, ಬಾಯಿ ಹೆಚ್ಚು ಇದ್ದ ಮನೆಯಲ್ಲೆಲ್ಲ ಹೆಂಗಸರ ಬುದ್ಧಿ ಒಂದೇ ಕಡೆ ಓಡಿತು.

ಹೆಸರು ಹೇಳದ ಮಾಂಸ

ಇಷ್ಟು ಬರೆದು ಮಾಂಸದ ವಿಷಯ ಬಿಟ್ಟರೆ ಚರಿತ್ರೆ ಪೂರ್ತಿಯಾಗದು. ಆ ಮನೆಯಲ್ಲಿ ಕೋಫ್ತಾಕ್ಕೆ ಬರುತ್ತಿದ್ದದ್ದು "ಬಡೇ ಕಾ ಗೋಶ್ತ್", ದೊಡ್ಡದರ ಮಾಂಸ. ಕುರಿಯದ್ದು "ಛೋಟೇ ಕಾ". ದಖನಿಯಲ್ಲಿ ಪ್ರಾಣಿಯ ಹೆಸರನ್ನೇ ಹೇಳುವುದಿಲ್ಲ, ಗಾತ್ರ ಮಾತ್ರ. ನಾವು ಎರ್ಚಿ ಎಂದಷ್ಟೇ ಅಂದು ಸುಮ್ಮನಾಗುವ ಹಾಗೆ. ಖಾಲಾನ ಮನೆಗೆ ಬರುತ್ತಿದ್ದದ್ದು ಹೆಚ್ಚಾಗಿ ಎಮ್ಮೆ, ಕೋಣದ್ದು. ಕುರಿಮಾಂಸ ಕೊಳ್ಳಲಾಗದ ಮನೆಗಳಿಗೆ, ಅದರಲ್ಲಿ ಮುಸ್ಲಿಮರಷ್ಟೇ ಅಲ್ಲ, ಇದೇ ಮಾಂಸ.

ಆಂಧ್ರದಲ್ಲಿ 1977ರ ಕಾಯ್ದೆ ಹಸು ಮತ್ತು ಕರುಗಳ ವಧೆಯನ್ನು ನಿಷೇಧಿಸುತ್ತದೆ, ಕೆಲಸಕ್ಕೆ ಬಾರದ ಎತ್ತು, ಕೋಣ, ಎಮ್ಮೆಗಳಿಗೆ ಅಧಿಕಾರಿಯ ಪ್ರಮಾಣಪತ್ರ ಬೇಕು. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾಯ್ದೆ ಎತ್ತು, ಹೋರಿಗಳನ್ನೂ ಸೇರಿಸಿ ನಿಷೇಧಿಸಿದೆ. 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ ಪ್ರಮಾಣಪತ್ರದ ಮೇಲೆ ಅವಕಾಶ. ತಪ್ಪಿಗೆ ಮೂರರಿಂದ ಏಳು ವರ್ಷ ಜೈಲು. ತಲಪಾಡಿ ದಾಟಿದರೆ ಕೇರಳದಲ್ಲಿ ಇಂಥ ನಿಷೇಧ ಕಾಯ್ದೆಯಿಲ್ಲ. ಖಾಲಾನ ತವರಿಗೂ ಗಂಡನ ಮನೆಗೂ ಕಾನೂನು ಬೇರೆ. ಕಾನೂನನ್ನು ಪಾಲಿಸುವುದು ನಮ್ಮ ಕರ್ತವ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾನೂನು ಮುಟ್ಟದ ಕಡೆಯೂ ಒಂದು ಹೆದರಿಕೆ ನಮ್ಮ ಅಡುಗೆಮನೆಗೆ ಬಂದು ಕೂತಿದೆ. ಅದನ್ನು ನಾನು ಕಂಡದ್ದು ನನ್ನ ಮಗಳಲ್ಲಿ.

ಊರಿಗೆ ಮರಳಿದ ಮೇಲೆ ನಾವು ಈ ಕೋಫ್ತಾವನ್ನು ಆಡಿನ ಮಾಂಸದಲ್ಲಿ ಮಾಡುತ್ತೇವೆ. ಬೆಲೆ ಹೆಚ್ಚು, ಹಾಗಾಗಿ ಅಕ್ಕಿಯೂ ಹೆಚ್ಚಾಯಿತು. ಒಂದು ದಿನ ಹೆಂಡತಿ ಮಗಳ ಬುತ್ತಿಗೆ ನಾಲ್ಕು ಉಂಡೆ ಹಾಕಿದ್ದಳು. ಸಂಜೆ ಮಗಳು ಹೇಳಿದಳು: ಗೆಳತಿಯರು ಏನೆಂದು ಕೇಳಿದರು, ನಾನು ತರಕಾರಿ ಉಂಡೆ ಅಂದೆ. ಯಾರೂ ಅವಳನ್ನು ಗದರಿಸಿರಲಿಲ್ಲ, ಯಾರೂ ಏನೂ ಅಂದಿರಲಿಲ್ಲ. ಬುತ್ತಿಯಲ್ಲಿದ್ದದ್ದು ಆಡಿನ ಮಾಂಸ, ಅಡಗಿಸಲು ಏನೂ ಇರಲಿಲ್ಲ. ಆದರೂ ಅಡಗಿಸಬೇಕು ಎಂದು ಅವಳು ಹೇಗೋ ಕಲಿತಿದ್ದಳು. ಎಲ್ಲಿ ಕಲಿತಳು ಎಂದು ಯೋಚಿಸಿದರೆ ದೂರ ಹೋಗಬೇಕಿಲ್ಲ. ಫೋನಿನಲ್ಲಿ ಯಾರಾದರೂ ಇವತ್ತೇನು ಅಡುಗೆ ಎಂದು ಕೇಳಿದರೆ ನಾನು ದನಿ ತಗ್ಗಿಸುವುದನ್ನು ಅವಳು ನೋಡಿದ್ದಾಳೆ.

ಆ ರಾತ್ರಿ ಅವಳನ್ನು ಕೂರಿಸಿಕೊಂಡು ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಕುಟ್ಟುವುದು ಎಂಬ ಪಾರಸಿ ಮಾತು, ಹಬಶದಿಂದ ಬಂದ ಖಾನರು, ಬರಗಾಲದ 450 ಗ್ರಾಂ, ಕಾಲುವೆಯ ಅಕ್ಕಿ, ರಸ್ತೆಗೆ ಸುರಿದ ಟೊಮೆಟೊ. ನಮ್ಮ ಪಿಂಡಿಯ ಲೆಕ್ಕವನ್ನೂ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಖಾಲಾ ಎಂಟು ಮಂದಿಗೆ 24 ಮಾಡುತ್ತಿದ್ದರಾ, ಅಷ್ಟೇನಾ?"

ಇಲ್ಲ. ಅವರು 25 ಮಾಡುತ್ತಿದ್ದರು. ಉಳಿದ ಎಲ್ಲವನ್ನೂ ಒಂಚೂರು ಚಿಕ್ಕದು ಮಾಡಿ ಒಂದನ್ನು ಹೆಚ್ಚು ಕಟ್ಟುತ್ತಿದ್ದರು. "ಯಾರಾದ್ರೂ ಬಂದ್ರ?" ಎನ್ನುತ್ತಿದ್ದರು. ಎರಡು ವರ್ಷಗಳಲ್ಲಿ ಬಹಳ ಸಲ ಆ ಹೆಚ್ಚಿನ ಒಂದನ್ನು ತಿಂದದ್ದು ನಾನೇ.

ನಿಮ್ಮ ಮನೆಯಲ್ಲೂ ಉಮ್ಮನ ಕೈಯ ಇಂಥದೊಂದು ಅಳತೆ ಇದ್ದೇ ಇರುತ್ತದೆ. ಎಷ್ಟು ಎರ್ಚಿಗೆ ಎಷ್ಟು ಪಿಂಡಿ, ಎಷ್ಟು ಮಂದಿಗೆ, ಯಾವ ಕಷ್ಟದ ವರ್ಷದಲ್ಲಿ ಅದು ಎಷ್ಟಕ್ಕೆ ಇಳಿಯಿತು. ಅವರು ಇರುವಾಗಲೇ ಪಕ್ಕದಲ್ಲಿ ನಿಂತು, ಮುಷ್ಟಿಯದನ್ನು ತಕ್ಕಡಿಗೆ ಹಾಕಿ, ಬರೆದಿಡಿ.